ನಾಲ್ಕು ಮಡಿಕೆಯ ದಾರ, ನಮ್ಮ ಬದುವಿನ ಸಾಗವಾನಿ

ಮೊನ್ನೆ ನಮ್ಮೂರಿನ ಇಬ್ಬರು ಹುಡುಗರು ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ನರ್ಸರಿಯ ಪಾಂಪ್ಲೆಟ್. "ಅಣ್ಣಾ, ಎರಡೆಕರೆ ಕಬ್ಬು ತಗದು ಶ್ರೀಗಂಧ ಹಚ್ಚಬೇಕಂತ ಮಾಡೇವಿ. ಹದಿನೈದು ವರ್ಷಕ್ಕ ಕೋಟಿ ಅಂತ ಬರದಾರ. ಖರೇ ಏನು?" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಜಮಖಂಡಿ, ಮುಧೋಳ, ಅಥಣಿ ಕಡೆ ಹೊಲ ಇದ್ದವರು ಒಮ್ಮೆ ಓದಿ.

ನಮ್ಮಪ್ಪ ಹೊಲದ ಬದುವಿನ ಮೇಲೆ ಎಪ್ಪತ್ತು ಸಾಗವಾನಿ ಹಚ್ಚಿದ್ದರು. ಕಬ್ಬಿಗೆ ಬಿಟ್ಟ ನೀರಲ್ಲೇ ಅವೂ ಬೆಳೆದವು. ನೆರಳಿಗೆ ಸಿಕ್ಕ ಒಂದೆರಡು ಸಾಲು ಕಬ್ಬು ಸಣ್ಣಗಾಗುತ್ತಿತ್ತು, ಅಷ್ಟೇ ಖರ್ಚು. ಇಪ್ಪತ್ತೆರಡು ವರ್ಷ ಆದ ಮೇಲೆ ತಂಗಿಯ ಮದುವೆಗೆ ಅಂತ ಮೂವತ್ತು ಗಿಡ ಮಾರಿದೆವು. ಗಿಡದ ಲಾಭ ಎಲ್ಲಿ ಸೋರುತ್ತದೆ ಅಂತ ಗೊತ್ತಾಗಿದ್ದು ಆಗ.

ವ್ಯಾಪಾರಿ ಬಂದ. ದಿಮ್ಮಿಯ ನಡುವಿಗೆ ದಾರ ಸುತ್ತಿದ. ದಾರವನ್ನು ಎರಡು ಸಲ ಮಡಚಿದ, ನಾಲ್ಕು ಮಡಿಕೆ ಆಯಿತು. ಟೇಪಿಗೆ ಹಿಡಿದ, ಹತ್ತು ಇಂಚು. ಹತ್ತು ಹತ್ತಲೇ ನೂರು, ಅದನ್ನು 144ರಿಂದ ಭಾಗಿಸಿದ, ದಿಮ್ಮಿಯ ಉದ್ದ ಹತ್ತು ಅಡಿಯಿಂದ ಗುಣಿಸಿದ. ಏಳು ಘನ ಅಡಿಗೆ ಸ್ವಲ್ಪ ಕಡಿಮೆ. ಬರೆದುಕೊಂಡ. ರಾತ್ರಿ ನಾನು ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಹಾಕಿ ನೋಡಿದೆ. ಅದೇ ದಿಮ್ಮಿಯಲ್ಲಿ 8.8 ಘನ ಅಡಿ ಕಟ್ಟಿಗೆ ಇತ್ತು! ದಾರದ ಅಳತೆಗೆ ಯಾವ ದುಂಡು ದಿಮ್ಮಿ ಹಿಡಿದರೂ ನೂರಕ್ಕೆ ಸುಮಾರು 78 ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದನ್ನು ಮೋಸ ಅನ್ನಲಾರೆ. ಇಂಗ್ಲೆಂಡಿನಿಂದ ಬಂದ ಹಳೇ ಪದ್ಧತಿ ಇದು, ದಿಮ್ಮಿ ಕೊಯ್ಯುವಾಗ ಹಾಳಾಗುವ ಕಟ್ಟಿಗೆಯನ್ನು ಮೊದಲೇ ಬಿಟ್ಟು ಅಳೆಯುತ್ತಾರೆ. ಆದರೆ ದರ ಮಾತಾಡುವಾಗ ನಮಗೂ ಅದು ಗೊತ್ತಿರಬೇಕು ಅಲ್ವಾ?

ಆಮೇಲೆ ತೊಗಟೆಗೆ ಅಂತ ಕಳೆದ. ಗಂಟಿಗೆ ಅಂತ ಕಳೆದ, ಯಾಕಂದ್ರೆ ಗಿಡ ಸಣ್ಣವಿದ್ದಾಗ ನಾವು ಕೊಂಬೆ ಸವರಿರಲಿಲ್ಲ. ಕೊನೆಗೆ ಕೊಯ್ದ ಮುಖ ತೋರಿಸಿ, "ಗೌಡ್ರ, ನೀವ ನೋಡ್ರಿ, ಸುತ್ತ ಎಲ್ಲಾ ಬಿಳೀನ ಐತಿ" ಅಂದ. ಅದು ನಿಜವೇ. ಚೆನ್ನಾಗಿ ನೀರು ಕುಡಿದ ಎಳೆ ಸಾಗವಾನಿ ಬೇಗ ದಪ್ಪ ಆಗುತ್ತದೆ, ಒಳಗಿನ ಚೇಗು, ಅಂದ್ರೆ ನಡುವಿನ ಬಣ್ಣದ ಗಟ್ಟಿ ಕಟ್ಟಿಗೆ, ಕಡಿಮೆ ಇರುತ್ತದೆ. ರೊಕ್ಕ ಇರುವುದು ಚೇಗಿಗೆ. ಇನ್ನೊಬ್ಬ ವ್ಯಾಪಾರಿಯನ್ನು ಕರೆಯಬಹುದಿತ್ತು. ಆದರೆ ಕಡಿಯುವ ಪರವಾನಗಿಗೆ ಓಡಾಡಿಯೇ ನಾಲ್ಕು ತಿಂಗಳು ಹೋಗಿತ್ತು, ಲಗ್ನಕ್ಕೆ ಹನ್ನೆರಡು ದಿನ ಉಳಿದಿತ್ತು. ಕೊಟ್ಟೆವು. ಅಪ್ಪ ಅವತ್ತು ಊಟ ಮಾಡಲಿಲ್ಲ.

1976ರ ಮರ ಸಂರಕ್ಷಣೆ ಕಾಯ್ದೆ ಇನ್ನೂ ನಡೆಯುತ್ತಿದೆ. ನೀಲಗಿರಿ, ಸರ್ವೆ ಕಡಿಯಲು ಪರವಾನಗಿ ಬೇಡ, ಸಾಗವಾನಿಗೆ ಬೇಕು. ಕಾಡು ಉಳಿಯಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ರೈತ ತಾನೇ ಹಚ್ಚಿ ಬೆಳೆಸಿದ ಗಿಡಕ್ಕೆ ಇಷ್ಟು ಅಲೆದಾಟ ಯಾಕೆ? 2017ರಲ್ಲಿ ಹೊಲದ ಬಿದಿರನ್ನು ಅರಣ್ಯ ಕಾಯ್ದೆಯ 'ಮರ'ದ ಪಟ್ಟಿಯಿಂದ ತೆಗೆದರು. ಹಾಗೆ ಬದುವಿನ ಸಾಗವಾನಿಗೂ ದಾರಿ ಸಲೀಸು ಮಾಡಲಿ.

ಈಗ ಹುಡುಗರ ಕೋಟಿ ಲೆಕ್ಕಕ್ಕೆ ಬರೋಣ. ಬ್ಯಾಂಕಿನಲ್ಲಿ ನೂರಕ್ಕೆ 7ರ ಬಡ್ಡಿಗೆ ಇಟ್ಟ ದುಡ್ಡು ಹತ್ತು ವರ್ಷಕ್ಕೆ ಎರಡರಷ್ಟು, ಇಪ್ಪತ್ತು ವರ್ಷಕ್ಕೆ ನಾಲ್ಕರಷ್ಟು ಆಗುತ್ತದೆ. ಇವತ್ತು ಸಸಿ, ಡ್ರಿಪ್, ಬೇಲಿ ಅಂತ ಹಾಕಿದ ಒಂದು ಲಕ್ಷ, ಇಪ್ಪತ್ತು ವರ್ಷಕ್ಕೆ ನಾಲ್ಕು ಲಕ್ಷ ತಂದರೆ ಸುಮ್ನೆ ಸರಿಸಮ. ಅಷ್ಟು ವರ್ಷದ ಕಬ್ಬಿನ ಬಿಲ್ಲು ಬೇರೆ ಹೋಯಿತು. ಆ ಎರಡೆಕರೆಯಿಂದಲೇ ಮನೆ ನಡೆಯುತ್ತಿದ್ದರೆ ಏನು ಮಾಡುತ್ತೀರಿ? 2001ರ ತಿದ್ದುಪಡಿ ಆದ ಮೇಲೆ ಹೊಲದ ಶ್ರೀಗಂಧಕ್ಕೆ ರೈತನೇ ಮಾಲೀಕ, ಅದು ಒಳ್ಳೆಯದೇ ಆಯಿತು. ಆದರೆ ಶ್ರೀಗಂಧ ಪಕ್ಕದ ಗಿಡದ ಬೇರಿನಿಂದ ಆಹಾರ ಹೀರಿ ಬದುಕುವ ಗಿಡ, ಜೊತೆಗೆ ತೊಗರಿ, ಸರ್ವೆ ಏನಾದರೂ ಬೇಕು. ಚೇಗು ಕಟ್ಟಿದ ಮೇಲೆ ರಾತ್ರಿ ಕಾವಲೂ ಬೇಕು. ಪಾಂಪ್ಲೆಟ್‌ನಲ್ಲಿ ಕಾವಲಿನ ಖರ್ಚೇ ಇರಲಿಲ್ಲ. 1990ರ ದಶಕದಲ್ಲಿ ಸಾಗವಾನಿ ಕಂಪನಿಗಳು ಹೀಗೇ ಆಸೆ ತೋರಿಸಿ ಎಷ್ಟೋ ಜನರ ದುಡ್ಡು ಮುಳುಗಿಸಿದವು. ಆಮೇಲೆ 1999ರಲ್ಲಿ ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ ಇಂಥ ಕಂಪನಿಗಳಿಗೆ ನಿಯಮ ತರಬೇಕಾಯಿತು.

ಹಾಗಂತ ಗಿಡ ಹಚ್ಚಬೇಡಿ ಅನ್ನುತ್ತಿಲ್ಲ. ಹಚ್ಚಲೇಬೇಕು! ಬದುವಿಗೆ, ಹಳ್ಳದ ದಂಡೆಗೆ, ಬೆಳೆ ಬಾರದ ಕಲ್ಲು ಭೂಮಿಗೆ ಹಚ್ಚಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿ ಉಳಿದ ಪ್ರತಿ ಸಸಿಗೆ ಮೂರು ವರ್ಷ ಸಹಾಯಧನ ಇದೆ. ಇಂಡಿ ಕಡೆ ನಮ್ಮ ಅತ್ತೆಯ ಹೊಲದಲ್ಲಿ ಐದು ಹುಣಸೆ ಗಿಡ ಇವೆ. ಪ್ರತಿ ವರ್ಷ ಕಾಯಿ ಗಿಡದ ಮೇಲಿರುವಾಗಲೇ ಗುತ್ತಿಗೆಗೆ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಅತ್ತೆ ಆ ರೊಕ್ಕದಲ್ಲೇ ದಿನ ದೂಡಿದ್ದನ್ನು ನಾನು ನೋಡಿದ್ದೇನೆ.

ಹಾಲಿಗೆ ಡೇರಿ ಇದೆ, ಕಬ್ಬಿಗೆ ಸರಕಾರ ಗೊತ್ತುಮಾಡಿದ ಕನಿಷ್ಠ ದರ, ಎಫ್‌ಆರ್‌ಪಿ ಇದೆ. ಬದುವಿನ ಗಿಡಕ್ಕೆ ಏನಿದೆ? ಫಿನ್‌ಲ್ಯಾಂಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಡು ಸಾಮಾನ್ಯ ಮನೆತನಗಳದ್ದು. ಅಲ್ಲಿ ಮಾಲೀಕರದೇ ಸಂಘಗಳಿವೆ, ಮರ ಮಾರುವಾಗ ಜೊತೆಗೆ ನಿಲ್ಲುತ್ತವೆ. ನಮ್ಮಲ್ಲಿ ಊರಿನ ಹತ್ತು ಮನೆಯವರು ಒಟ್ಟಿಗೆ ಮಾರಿದರೆ ಮೂರು ವ್ಯಾಪಾರಿಗಳು ತಾವಾಗಿಯೇ ಬರುತ್ತಾರೆ.

ನಮ್ಮಲ್ಲಿ ಇನ್ನೂ ನಲವತ್ತು ಗಿಡ ಉಳಿದಿವೆ. ಪ್ರತಿಯೊಂದಕ್ಕೂ ನಂಬರ್ ಬರೆದಿದ್ದೇನೆ, ಎದೆ ಎತ್ತರದಲ್ಲಿ ಸುತ್ತಳತೆ ತೆಗೆದು ವಹಿಯಲ್ಲಿ ಇಟ್ಟಿದ್ದೇನೆ. ನಾಳೆ ಪಾಲಾದರೆ ಅಣ್ಣತಮ್ಮಂದಿರಲ್ಲಿ ತಕರಾರು ಬರಬಾರದು ಅಂತ ಉತಾರದಲ್ಲೂ (ಪಹಣಿ) ಬರೆಸಲು ಅರ್ಜಿ ಕೊಟ್ಟಿದ್ದೇನೆ. ರವಿವಾರ ಆ ಇಬ್ಬರು ಹುಡುಗರಿಗೆ ಹೊಲಕ್ಕೆ ಬರಲು ಹೇಳಿದ್ದೇನೆ, ದಾರ ಮತ್ತು ಟೇಪು ತೆಗೆದುಕೊಂಡು.