ಕಾಡುತಾಳೆಯ ತಿಗಣೆ ಮತ್ತು ಷಾಗಸ್ ರೋಗ: ಒಂದು ಸ್ಪಷ್ಟನೆ

ತಾಳೆ ಮರಗಳಲ್ಲಿ ವಾಸಿಸುವ ರಕ್ತಹೀರುವ ತಿಗಣೆ ಕಚ್ಚಿದ ಕೂಡಲೇ ಷಾಗಸ್ ರೋಗ (ಲ್ಯಾಟಿನ್ ಅಮೆರಿಕದಲ್ಲಿ ಕಾಣುವ ಪರಾವಲಂಬಿ ಸೋಂಕು) ತಗಲುತ್ತದೆ, ಆದ್ದರಿಂದ ಮನೆ ಬಳಿಯ ತಾಳೆಗಳನ್ನು ಕಡಿಯಬೇಕು ಎಂಬ ಮಾತು ಹರಿದಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ಸರಿ.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಅಟ್ಟಾಲಿಯಾ ಕುಲದ ಕಾಡುತಾಳೆಗಳ ಗರಿಬುಡದಲ್ಲಿ ರೋಡ್ನಿಯಸ್ ಕುಲದ ತಿಗಣೆಗಳು ನೆಲೆಸುವುದು ನಿಜ. ಪನಾಮದಲ್ಲಿ ರೋಡ್ನಿಯಸ್ ಪ್ಯಾಲೆಸೆನ್ಸ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಆದರೆ 1909ರಲ್ಲಿ ಬ್ರೆಜಿಲಿನ ವೈದ್ಯ ಕಾರ್ಲೋಸ್ ಷಾಗಸ್ ಗುರುತಿಸಿದ, ಈ ರೋಗ ತರುವ ಟ್ರಿಪನೋಸೋಮಾ ಕ್ರೂಜಿ ಎಂಬ ಪರಾವಲಂಬಿ ಇರುವುದು ಕೀಟದ ಜೊಲ್ಲಿನಲ್ಲಲ್ಲ, ಹಿಕ್ಕೆಯಲ್ಲಿ. ರಕ್ತ ಹೀರುವಾಗಲೋ ಹೀರಿದ ಬಳಿಕವೋ ಬಿದ್ದ ಹಿಕ್ಕೆಯನ್ನು ನಾವೇ ಕೆರೆದು ಗಾಯಕ್ಕೋ ಕಣ್ಣಿಗೋ ಸೇರಿಸಿದಾಗ ಸೋಂಕು ಉಂಟಾಗುತ್ತದೆ. (ಜೊಲ್ಲಿನ ಮೂಲಕ ಹರಡುವ ಟ್ರಿಪನೋಸೋಮಾ ರಾಂಜೆಲಿ ಎಂಬ ದಾಯಾದಿ ಇದೆ, ಅದು ಮನುಷ್ಯರಿಗೆ ನಿರುಪದ್ರವಿ, ಗೊಂದಲ ಅಲ್ಲಿಂದಲೇ ಹುಟ್ಟಿರಬಹುದು.)

ಮರವೇ ರೋಗದ ಮೂಲವೆಂಬುದೂ ಸರಿಯಲ್ಲ. ಪರಾವಲಂಬಿಯನ್ನು ಹೊತ್ತಿರುವವು ತಾಳೆಯಲ್ಲಿ ಗೂಡು ಮಾಡುವ ಒಪಾಸಮ್‌ನಂಥ ಸಸ್ತನಿಗಳು; ಅಲ್ಲೇ ಇರುವ ಹಕ್ಕಿಗಳು ಕೀಟಕ್ಕೆ ರಕ್ತ ಒದಗಿಸಿದರೂ ಈ ಸೋಂಕಿಗೆ ಒಳಗಾಗುವುದಿಲ್ಲ. ಮನೆಯ ದೀಪಕ್ಕೆ ಹಾರಿಬರುವ ತಿಗಣೆಗೆ ಕಿಟಕಿಯ ಜಾಲರಿ ಹಾಗೂ ಸೊಳ್ಳೆಪರದೆ ಕೊಡಲಿಗಿಂತ ಸೂಕ್ತ ಉತ್ತರವೆಂದು ನನ್ನ ಅಭಿಪ್ರಾಯ. ಬ್ರೆಜಿಲಿನ ಅಮೆಜಾನ್ ಪ್ರದೇಶದಲ್ಲಿ ಕೀಟ ಬೆರೆತ ಹಸಿ ಅಸಾಯಿ ತಾಳೆಹಣ್ಣಿನ ರಸವೂ ಸೋಂಕಿನ ಮುಖ್ಯ ದಾರಿಯಾಗಿದ್ದು, ವಿಚಿತ್ರವೆಂದರೆ ಹಬ್ಬಿದ ಮಾತಿನಲ್ಲಿ ಅದರ ಪ್ರಸ್ತಾಪವೇ ಇಲ್ಲ.

ರೋಡ್ನಿಯಸ್ ಕುಲ ಭಾರತದಲ್ಲಿ ಇಲ್ಲದಿರುವುದರಿಂದ ನಮ್ಮ ತೆಂಗು, ಅಡಿಕೆ ತೋಟಗಳಿಗೆ ಈ ಭಯವನ್ನು ಅಂಟಿಸಲು ಆಧಾರವಿಲ್ಲ.