ಹತ್ತು ಗುಂಟೆ ಕಾಡು, ಪಾರ್ಕಿಂಗ್ ಸಹಿತ

ಕುಶಾಲನಗರ ದಾಟಿ ಮಡಿಕೇರಿ ಕಡೆ ಹತ್ತುವಾಗ ಅಂಥದ್ದೊಂದು ಬೋರ್ಡನ್ನು ನೀವೂ ನೋಡಿರುತ್ತೀರಿ. "ನಿಮ್ಮದೇ ಸ್ವಂತ ಕಾಡು. ಹತ್ತು ಗುಂಟೆಯಿಂದ ಶುರು." ಹಿಂದೆ ಮಂಜು ಮುಚ್ಚಿದ ಬೆಟ್ಟ. ಮುಂದೆ ಬಿಳಿ ಬಟ್ಟೆ ತೊಟ್ಟ ಗಂಡ, ಹೆಂಡತಿ, ಒಂದು ಮಗು, ಮೈತುಂಬ ಕೂದಲಿರುವ ಒಂದು ನಾಯಿ. ಬಿಳಿ ಬಟ್ಟೆ ಹಾಕಿಕೊಂಡು ತೋಟಕ್ಕೆ ಇಳಿಯುವವರನ್ನು ನಾನಂತೂ ನೋಡಿಲ್ಲ, ಅದಿರಲಿ. ನನಗೆ ಚಿಂತೆ ಆ ನಾಯಿಯದ್ದು. ಜುಲೈಯಲ್ಲಿ ಅದರ ಮೈಗೆ ಹತ್ತಿದ ಜಿಗಣೆಗಳನ್ನು ಹುಡುಕಿ ಕೀಳುವಷ್ಟರಲ್ಲಿ ಸುಗ್ಗಿಯ ಹುತ್ತರಿ ಹಬ್ಬ ಬಂದಿರುತ್ತದೆ.

ಬೋರ್ಡು ರಸ್ತೆಗೆ ಚೆನ್ನಾಗಿ ಕಾಣಲಿ ಅಂತ ಅದರ ಮುಂದಿದ್ದ ಮರವನ್ನು ಬುಡಕ್ಕೆ ಕಡಿದಿದ್ದಾರೆ. ಕಾಡು ಮಾರುವಾಗ ಮರ ಅಡ್ಡ ಬರಬಾರದು ನೋಡಿ.

ಇದನ್ನೆಲ್ಲ ನೋಡಿ ನಕ್ಕು ಸುಮ್ನಿರುತ್ತಿದ್ದೆ. ಆದರೆ ಕಳೆದ ತಿಂಗಳು ಬೆಂಗಳೂರಿನಿಂದ ನಮ್ಮ ಷಡ್ಡಕರ ಫೋನು ಬಂತು. "ಭಾವ, ಕಾಡು ತಗೊಂಡೆ" ಅಂದರು. ಅರ್ಧ ಕೆಜಿ ಬೀನ್ಸ್ ತಗೊಂಡೆ ಅಂದ ಹಾಗೆ. ಎಷ್ಟು ಎಂದೆ. "ಹತ್ತು ಗುಂಟೆ. ಪಾರ್ಕಿಂಗ್ ಸಹಿತ."

ಹತ್ತು ಗುಂಟೆ ಅಂದರೆ ಕಾಲು ಎಕರೆ. ಒಂದು ಗುಂಟೆ 33 ಅಡಿಗೆ 33 ಅಡಿ. ಹತ್ತಕ್ಕೆ 10,890 ಚದರ ಅಡಿ. ಅದರಲ್ಲಿ ರಸ್ತೆಗೆ, ಕ್ಲಬ್ ಹೌಸ್‌ಗೆ, ಈಜುಕೊಳಕ್ಕೆ ಅಂತ ಕಳೆದು ಉಳಿದದ್ದು ಕಾಡು. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕೆಜಿ ಮೇವು ಬೇಕು. ನಮ್ಮ ಷಡ್ಡಕರ ಕಾಡು ಅದಕ್ಕೆ ಬೆಳಗಿನ ತಿಂಡಿ. ಮಧ್ಯಾಹ್ನದ ಊಟಕ್ಕೆ ಪಕ್ಕದ ಪ್ಲಾಟಿನ ಸಾಫ್ಟ್‌ವೇರ್ ಇಂಜಿನಿಯರ್ ಕಾಡಿಗೆ ಹೋಗಬೇಕು.

ಮೊದಲು ಹೀಗೆ ಕೊಳ್ಳಲು ಆಗುತ್ತಿರಲಿಲ್ಲ. ಭೂ ಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಅಂತ ಎರಡು ಕಲಮುಗಳಿದ್ದವು. ಕೃಷಿಕರಲ್ಲದವರು ಕೃಷಿ ಭೂಮಿಗೆ ಕೈ ಹಾಕುವುದು ಸುಲಭ ಇರಲಿಲ್ಲ. ಆಗ ತಾವೂ ಕೃಷಿಕರ ಮನೆಯವರು ಅಂತ ತೋರಿಸಲು ಎಲ್ಲರೂ ಅಜ್ಜನ ಪಹಣಿ ಹುಡುಕುತ್ತಿದ್ದರು. ಅಜ್ಜ ಬದುಕಿದ್ದಾಗ ಒಂದು ಸಲವೂ ಬಂದು ಮುಖ ನೋಡದವರು ಅಜ್ಜನ ಸರ್ವೆ ನಂಬರನ್ನು ಬಾಯಿಪಾಠ ಮಾಡಿಕೊಂಡಿದ್ದರು. 2020ರಲ್ಲಿ ಆ ಕಲಮುಗಳನ್ನು ತೆಗೆದರು. ಅಜ್ಜಂದಿರಿಗೆ ಬಿಡುಗಡೆ ಸಿಕ್ಕಿತು. ಇನ್ನೊಂದು ತಮಾಷೆ ಕೇಳಿ. ಇದೇ ಕಾಯ್ದೆಯಲ್ಲಿ, ಒಬ್ಬರಿಗೆ ಇಷ್ಟೇ ಜಮೀನು ಎಂಬ ಭೂಮಿತಿಯಿಂದ ಕಾಫಿ ತೋಟಕ್ಕೆ ವಿನಾಯಿತಿ ಇದೆ. ತೋಟ ತೋಟವಾಗಿಯೇ ಇರಲಿ ಅಂತ. ಈಗ ಆ ತೋಟವನ್ನು ಮೈಸೂರುಪಾಕಿನ ಹಾಗೆ ಗುಂಟೆ ಗುಂಟೆ ಕುಯ್ದು ಹಂಚುತ್ತಿದ್ದಾರೆ.

ಹೋದ ಭಾನುವಾರ ಷಡ್ಡಕರು ಕಾಡು ತೋರಿಸಲು ಕರೆದುಕೊಂಡು ಹೋದರು. ಗೇಟಿನಲ್ಲಿ ಹೆಸರು, ಫೋನ್ ನಂಬರ್ ಬರೆಸಿಕೊಂಡರು. ಯಾರನ್ನು ನೋಡಬೇಕು ಎಂಬ ಕಡೆ ನಾನು "ಮರ" ಎಂದು ಬರೆದೆ. ಸೆಕ್ಯೂರಿಟಿಯವರು ಓದಿ, "ಇರಿ ಸರ್, ಫೋನ್ ಮಾಡಿ ಕೇಳ್ತೀನಿ" ಅಂದರು.

ಒಳಗೆ ಕಾಂಕ್ರೀಟ್ ರಸ್ತೆ. ಒಬ್ಬ ಹುಡುಗ ಬೆನ್ನಿಗೆ ಮೆಷಿನ್ ಕಟ್ಟಿಕೊಂಡು ತರಗೆಲೆ ಊದುತ್ತಿದ್ದ. ತರಗೆಲೆ ಕೊಳೆತು ಮಣ್ಣಾಗಿ, ಆ ಮಣ್ಣು ಮಳೆನೀರು ಕುಡಿದು, ಕುಡಿದದ್ದನ್ನು ಬೇಸಿಗೆಯಲ್ಲಿ ತೋಡಿಗೆ ಒಸರಿ, ತೋಡು ಕಾವೇರಿಗೆ ಸೇರಿ, ಕಾವೇರಿ ಪೈಪು ಹಿಡಿದು ಇದೇ ಷಡ್ಡಕರ ಬೆಂಗಳೂರಿನ ನಲ್ಲಿಗೆ ಹೋಗುತ್ತದೆ. ಆ ಹುಡುಗನಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. ಅವನಿಗೆ ಸಂಬಳ ಕೊಡುವುದೇ ಊದುವುದಕ್ಕೆ. ಇದಕ್ಕೆ ಕಾಡು ಮೇಂಟೆನೆನ್ಸ್ ಅಂತ ಹೆಸರು. ಚದರ ಅಡಿ ಲೆಕ್ಕ.

ಕಾಡಿನ ಒಡೆಯರಿಗೆ ಒಂದು ವಾಟ್ಸ್‌ಆ್ಯಪ್ ಗುಂಪೂ ಇದೆ. ಷಡ್ಡಕರು ತೋರಿಸಿದರು. ಒಬ್ಬರು ಬರೆದಿದ್ದಾರೆ, ರಾತ್ರಿ ಹತ್ತರ ಮೇಲೆ ಜೀರುಂಡೆ ಸದ್ದು ಜಾಸ್ತಿ, ಮ್ಯಾನೇಜ್‌ಮೆಂಟ್ ಗಮನಿಸಲಿ. ಇನ್ನೊಬ್ಬರಿಗೆ ಮಂಗಟ್ಟೆ ಹಕ್ಕಿಯ ಮೇಲೆ ದೂರು. ಅದು ಪಕ್ಕದವರ ಅತ್ತಿ ಹಣ್ಣು ತಿಂದು ಇವರ ಕಾರಿನ ಮೇಲೆ ಬಂದು ಕೂರುತ್ತದಂತೆ. ಹಣ್ಣು ಅವರದ್ದು, ಕೊಳೆ ನಮ್ಮದಾ ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಹನ್ನೆರಡು ಹೆಬ್ಬೆರಳು ಬಿದ್ದಿವೆ.

ಷಡ್ಡಕರ ಕಾಡಿನಲ್ಲಿ ಒಟ್ಟು ಹದಿನಾಲ್ಕು ಮರ. ಹನ್ನೊಂದು ಸಿಲ್ವರ್ ಓಕ್. ಒಂದು ಹಲಸು, ಒಂದು ಅತ್ತಿ, ಒಂದು ಬೀಟೆ. ಅವರು ನೇರ ಹೋಗಿ ಒಂದು ಸಿಲ್ವರ್ ಓಕನ್ನು ತಬ್ಬಿಕೊಂಡರು. "ನೋಡಿ ಭಾವ, ಪಶ್ಚಿಮ ಘಟ್ಟದ ಜೀವ ಇಲ್ಲಿ ಮಿಡಿಯುತ್ತೆ" ಅಂದರು. ಅದು ಆಸ್ಟ್ರೇಲಿಯಾದ ಮರ. ನಾನು ಹೇಳಲಿಲ್ಲ. ಕಣ್ಣು ಮುಚ್ಚಿ ತಬ್ಬಿಕೊಂಡವರನ್ನು ಎಬ್ಬಿಸಬಾರದು.

ಹಾಗೆ ನೋಡಿದರೆ ನಗುವ ಹಕ್ಕು ನನಗೂ ಇಲ್ಲ. ನಮ್ಮ ತೋಟದಲ್ಲೂ ಅತ್ತಿ, ಬಸರಿ, ನಂದಿ ಎಲ್ಲ ಇತ್ತು. ಅವು ಹೋಗಿ ಸಿಲ್ವರ್ ಓಕ್ ಬಂದದ್ದು ನನ್ನ ಕೈಯಿಂದಲೇ. ನೇರ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ಅನುಮತಿಯ ರಗಳೆ ಕಮ್ಮಿ, ಕಷ್ಟಕ್ಕೆ ಆಗುತ್ತದೆ ಅಂತ ನೆಟ್ಟೆವು. ಕಷ್ಟ ಬಂತು, ಕಡಿದೆವು. ಈಗ ಮಾರ್ಚ್ ಬಂದರೆ ಕಾಫಿ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತಾ ಕೂರುತ್ತೇವೆ.

ಷಡ್ಡಕರ ಕಣ್ಣು ಆ ಬೀಟೆ ಮರದ ಮೇಲಿತ್ತು. "ಇದರಲ್ಲಿ ಒಂದು ತೂಗುಮಂಚ ಮಾಡಿಸಬಹುದು ಅಲ್ವಾ?" ಅಂದರು. ಮುಟ್ಟಬೇಡಿ ಎಂದೆ. "ಯಾಕೆ? ನನ್ನ ಕಾಡು."

ಕೊಡಗಿನ ಕಂದಾಯದ ಪುರಾಣ ಬಿಚ್ಚಬೇಕಾಯಿತು. ಜಮ್ಮಾ, ಬಾಣೆ, ಸಾಗು, ಪೈಸಾರಿ ಅಂತ ಜಾಗದ ಬಗೆಗಳು. ಮರದ ಬೆಲೆ ಕಟ್ಟಿ ರಿಡೀಮ್ ಆದ ಜಾಗ, ಆಗದ ಜಾಗ. ಆಗದ ಜಾಗದಲ್ಲಿ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟುವ ತನಕ ಮರ ಸರ್ಕಾರದ್ದೇ. ಪತ್ರ ತೆಗೆಸಿ ನೋಡಿದೆ. ಆಗದ ಜಾಗ.

"ಅಂದರೆ ಮಣ್ಣು ನಿಮ್ಮದು. ಮರ ಸರ್ಕಾರದ್ದು. ಹಲಸಿನ ಹಣ್ಣು ಆನೆಯದ್ದು."

"ಮತ್ತೆ ನನ್ನದೇನು ಭಾವ?"

"ಮೇಂಟೆನೆನ್ಸ್."

ಈ ಆಸೆ ಹತ್ತಿಸಿದ್ದು ಅವರ ಮಗಳು. ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ನಾಲ್ಕೈದು ಎಕರೆಯ ಸಣ್ಣ ಕಾಡುಗಳನ್ನು ಸಾಧಾರಣ ಜನ ಕೊಳ್ಳುತ್ತಾರೆ. ವಿಡಿಯೋ ಕಾಲ್‌ನಲ್ಲಿ ಅವಳನ್ನೇ ವಿಚಾರಿಸಿದೆ. ಹಾಗೆ ಕೊಂಡವರಿಗೆ ಅದರೊಳಗೆ ಮನೆ ಕಟ್ಟಲು ಹೆಚ್ಚುಕಮ್ಮಿ ಅನುಮತಿಯೇ ಸಿಗುವುದಿಲ್ಲವಂತೆ. ಡೇರೆ ಹಾಕಿದರೂ ವರ್ಷಕ್ಕೆ ಇಷ್ಟೇ ದಿನ ಎಂಬ ಲೆಕ್ಕ. ಜನ ರಜೆಯಲ್ಲಿ ಹೋಗಿ ಒಂದಿಷ್ಟು ಸೌದೆ ಸೀಳುತ್ತಾರೆ, ತೀರಾ ಒತ್ತಾದ ಕಡೆ ಸವರುತ್ತಾರೆ, ಫ್ಲಾಸ್ಕಿನ ಟೀ ಕುಡಿಯುತ್ತಾರೆ, ವಸಂತದಲ್ಲಿ ನೆಲದ ತುಂಬ ಅರಳಿದ ನೀಲಿ ಹೂ ನೋಡಿ ಮನೆಗೆ ಹೋಗುತ್ತಾರೆ. "ಕ್ಲಬ್ ಹೌಸ್?" ಎಂದು ಷಡ್ಡಕರು ನಡುವೆ ಬಾಯಿ ಹಾಕಿದರು. ಇಲ್ಲವಂತೆ. "ಪಾಪ" ಅಂದರು.

ಇಲ್ಲಿ ಎಲ್ಲ ಇದೆ. ಭಾನುವಾರ ಬೆಳಿಗ್ಗೆ ಅರಣ್ಯ ಸ್ನಾನ. 1982ರಲ್ಲಿ ಜಪಾನಿನವರು ಅದಕ್ಕೆ ಶಿನ್ರಿನ್ ಯೋಕು ಅಂತ ಹೆಸರಿಟ್ಟರು. ಮರಗಳ ನಡುವೆ ನಿಧಾನ ನಡೆಯುವುದು, ಉಸಿರು ತಗೊಳ್ಳುವುದು. ಒಳ್ಳೆಯದೇ. ನಮ್ಮ ತೋಟದ ಕೆಲಸದವರು ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ದಿನವಿಡೀ ಅದೇ ಸ್ನಾನ ಮಾಡುತ್ತಾರೆ. ಅವರಿಗೆ ಅದರಿಂದ ಬಂದದ್ದು ಕಾಲಿನ ಕೆಸರುಹುಣ್ಣು.

ಇಳಿಜಾರಿನ ತುದಿಯಲ್ಲಿ ಈಜುಕೊಳ. ಜೆಸಿಬಿ ತಂದು ಬೆಟ್ಟದ ಹೊಟ್ಟೆ ಬಗೆದು ಮಾಡಿದ್ದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಬೆಟ್ಟಗಳು ಹೇಗೆ ಇಳಿದು ಬಂದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. "ವ್ಯೂ ನೋಡಿ ಭಾವ" ಅಂದರು. ನಾನು ಬಿರುಕು ನೋಡುತ್ತಿದ್ದೆ.

ಕಾಡಿಗೆ ಕರೆದುಕೊಂಡು ಹೋಗಿ ಕೈಬಿಡುವ ಕಥೆ ನಮ್ಮಲ್ಲಿ ಹಳೆಯದು. ತಿತಿಮತಿ ಹತ್ತಿರದ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದಲ್ಲ? ಬೇಟೆಗೆಂದು ಕಾಡಿನಲ್ಲಿ ಬಾಳುವ ಕುರುಬರನ್ನು ಕರೆದೊಯ್ದ ಅಯ್ಯಪ್ಪ ದೇವರು ಭದ್ರಕಾಳಿಯನ್ನು ಕಂಡದ್ದೇ ಅವಳ ಹಿಂದೆ ಹೋಗಿಬಿಟ್ಟನಂತೆ. ಇವರು ಕಾಡಿನಲ್ಲೇ ಬಾಕಿ. ಆ ಸಿಟ್ಟು ಇನ್ನೂ ಇಳಿದಿಲ್ಲ. ವರ್ಷಕ್ಕೊಮ್ಮೆ ವೇಷ ಹಾಕಿ, ಡಬ್ಬ ಬಡಿದು, ದಾರಿಯಲ್ಲಿ ಸಿಕ್ಕವರ ಹತ್ತಿರ ಕಾಸು ಕಿತ್ತು, ದೇವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಆ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಅದರ ಲಯ ಬಲು ಚೆನ್ನ. ಚಿಕ್ಕವನಿದ್ದಾಗ ಅದನ್ನು ಕಲಿತು ಮನೆಯಲ್ಲಿ ಹಾಡಿ ಅಪ್ಪನ ಕೈಲಿ ಬಾಸುಂಡೆ ತಿಂದಿದ್ದೆ. ಬೈದು ಮುಗಿದ ಮೇಲೆ ತಪ್ಪಾಯಿತು ಎಂದು ದೇವರಿಗೆ ಕೈಮುಗಿದು ಮನೆಗೆ ಹೋಗುತ್ತಾರೆ. ಎಂಥ ಒಳ್ಳೆಯ ಏರ್ಪಾಡು! ಲೇಔಟಿನವರಿಗೂ ವರ್ಷಕ್ಕೊಂದು ದಿನ ಹೀಗೆ ಗೊತ್ತು ಮಾಡಬೇಕು ಅಂತ ನನಗೆ ಆಸೆ. ಆದರೆ ದೇವರು ಬೈಸಿಕೊಂಡು ಸುಮ್ಮನಿರುತ್ತಾನೆ. ಇವರು ಲೀಗಲ್ ನೋಟಿಸ್ ಕಳಿಸುತ್ತಾರೆ.

ದೇವರು ಅಂದ ಮೇಲೆ ದೇವರಕಾಡು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ಇವೆ. ಊರ ಮಧ್ಯದ ಕಾಡು, ಒಡೆಯ ದೇವರು, ಒಣ ಕಡ್ಡಿಯನ್ನೂ ತರಬಾರದು ಎಂಬ ಕಟ್ಟುಪಾಡು. ಮೇಂಟೆನೆನ್ಸ್ ಇಲ್ಲ. ಅಲ್ಲಿಗೂ ನಾವು ರಾತ್ರೋರಾತ್ರಿ ಬೇಲಿ ಸರಿಸಿ ಕಾಫಿ ನೆಟ್ಟವರೇ. ಸರ್ವೆಯವರು ಬಂದರೆ ದೇವರೇ ನಮ್ಮ ಜಾಗ ಒತ್ತುವರಿ ಮಾಡಿದ ಹಾಗೆ ಮುಖ ಮಾಡುತ್ತೇವೆ.

ಎಲೆ ಊದುತ್ತಿದ್ದ ಹುಡುಗನನ್ನು ವಾಪಸ್ ಬರುವಾಗ ಮಾತಾಡಿಸಿದೆ. ಮಾಲ್ದಾರೆ ಕಡೆಯವನು. ತೋಟದ ಕೆಲಸದವರ ಲೈನ್ ಮನೆಯಲ್ಲಿ ಹುಟ್ಟಿದವನು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕೆಡವಿದರಲ್ಲ, ಆಗ ಅವನಿಗೆ ಹತ್ತು ವರ್ಷ. ಗುಡಿಸಲು ಕಳಕೊಂಡವರ ಗುಂಪಿನಲ್ಲಿ ಅವನ ಅಮ್ಮನೂ ಇದ್ದಳು. ನೂರಾರು ಕುಟುಂಬ. ಯರವರು, ಕುರುಬರು. ಚಳಿಗಾಲ. ಹೇಳಿದ ಕಾರಣ, ಇದು ಕಾಡು, ಇಲ್ಲಿ ಇರುವಂತಿಲ್ಲ.

ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗುತ್ತಿಲ್ಲ. ಕಾಡಿನಲ್ಲೇ ಹುಟ್ಟಿ ಬೆಳೆದ ಜನಕ್ಕೆ ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿಗೂ ಜಾಗವಿಲ್ಲ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಅರ್ಜಿ ಕೊಟ್ಟು ಎಷ್ಟೋ ಜನ ಇನ್ನೂ ಕಾಯುತ್ತಿದ್ದಾರೆ. ಮೂರು ತಲೆಮಾರು ನಮ್ಮಂಥವರ ತೋಟದಲ್ಲಿ ದುಡಿದವರಿಗೆ ಒಂದು ಸೈಟಿಲ್ಲ. ಕೇಳಿದರೆ ಕೊಡಗಿನಲ್ಲಿ ಜಾಗವೇ ಇಲ್ಲ ಅನ್ನುತ್ತಾರೆ. ಸತ್ತರೆ ಹೂಳಲು ಆರಡಿ ಹುಡುಕಬೇಕು. ತಿಂಗಳಿಗೊಮ್ಮೆ ಬರುವವರಿಗೆ ಮಾತ್ರ ಹತ್ತು ಗುಂಟೆ ಇದೆ, ಪಾರ್ಕಿಂಗ್ ಇದೆ. ಬರೆದು ಬರೆದು ಸಾಕಾಗಿದೆ.

ಇರಲಿ. ಮೊನ್ನೆ ಷಡ್ಡಕರ ಫೋನು ಮತ್ತೆ ಬಂತು. ಗಾಬರಿಯಲ್ಲಿದ್ದರು. ರಾತ್ರಿ ಯಾರೋ ಕಾಂಪೌಂಡ್ ಬೀಳಿಸಿ ನುಗ್ಗಿದ್ದಾರೆ, ಮರದಲ್ಲಿ ಒಂದು ಹಲಸೂ ಉಳಿದಿಲ್ಲ, ಈಜುಕೊಳದ ನೀರು ಅರ್ಧ ಖಾಲಿ, ಮ್ಯಾನೇಜರ್ ಸಿಸಿಟಿವಿ ನೋಡುತ್ತಿದ್ದಾರೆ. ನಾಲ್ಕು ಜನ ಇದ್ದರಂತೆ. ಜೊತೆಗೆ ಒಂದು ಮರಿ.

ಜೊತೆಗೇ ಈ ತಿಂಗಳ ಬಿಲ್ಲನ್ನೂ ವಾಟ್ಸ್‌ಆ್ಯಪ್ ಮಾಡಿದ್ದರು. ಕೊನೆಯ ಸಾಲು: ಲದ್ದಿ ವಿಲೇವಾರಿ, 2,500 ರೂಪಾಯಿ.

"ಭಾವ, ಈ ರೇಟು ಸರಿ ಇದೆಯಾ?"

ನನ್ನ ಹೆಂಡತಿ ಪಕ್ಕದಲ್ಲೇ ಮೆಣಸು ಹಸನು ಮಾಡುತ್ತಾ ಕೂತಿದ್ದಳು. ತಲೆ ಎತ್ತದೆ ಹೇಳಿದಳು, "ಎರಡು ಸಾವಿರಕ್ಕೆ ನಾವೇ ಬಂದು ತೆಗೀತೀವಿ ಅಂತ ಹೇಳ್ರೀ. ಬಳ್ಳಿ ಬುಡಕ್ಕೆ ಗೊಬ್ಬರ ಆಗುತ್ತೆ."