ವಿಮೆ ಎಲ್ಲರಿಗೂ ಸಿಗಲಿ, ಸರಿ. ಆಸ್ಪತ್ರೆಯ ಬಿಲ್ಲು ಕಟ್ಟುವವರು ಯಾರು?

ವಿಮಾ ಕಾನೂನುಗಳ ತಿದ್ದುಪಡಿ ಮಸೂದೆಯು 2025ರ ಡಿಸೆಂಬರ್‌ನಲ್ಲಿ ಎರಡೇ ದಿನಗಳೊಳಗೆ ಲೋಕಸಭೆಯನ್ನೂ ರಾಜ್ಯಸಭೆಯನ್ನೂ ದಾಟಿತು. 'ಸಬ್‌ಕಾ ಬೀಮಾ ಸಬ್‌ಕೀ ರಕ್ಷಾ', ಅಂದರೆ ಎಲ್ಲರಿಗೂ ವಿಮೆ, ಎಲ್ಲರಿಗೂ ರಕ್ಷಣೆ ಎಂದು ಅದಕ್ಕೆ ಹೆಸರಿಟ್ಟಿದ್ದಾರೆ. ಹೆಸರನ್ನು ಕೇಳಿದ ಯಾರಿಗಾದರೂ ಇನ್ನು ಮುಂದೆ ಆಸ್ಪತ್ರೆ ಸೇರುವ ಬಡವನಿಗೂ ಮಧ್ಯಮ ವರ್ಗದವನಿಗೂ ಏನೋ ಒಂದು ಆಸರೆ ಸಿಕ್ಕಿತೆಂದು ಅನ್ನಿಸಬೇಕು. ಆದರೆ ಅದರಲ್ಲಿ ಎದ್ದು ಕಾಣುವ ಅಂಶವೆಂದರೆ ವಿಮಾ ಕಂಪನಿಗಳಲ್ಲಿ ವಿದೇಶಿ ನೇರ ಹೂಡಿಕೆಯ ಮಿತಿಯನ್ನು ಶೇಕಡಾ 74ರಿಂದ 100ಕ್ಕೆ ಏರಿಸಿರುವುದು. ಕಂಪನಿಯ ಒಡೆತನ ಯಾರದ್ದಿರಬಹುದು ಎಂಬುದನ್ನು ಇಷ್ಟು ವಿವರವಾಗಿ ಹೇಳುವ ಕಾನೂನಿಗೆ, ಆ ಕಂಪನಿಯಿಂದ ಪಾಲಿಸಿ ಕೊಂಡವನು ಡಿಸ್‌ಚಾರ್ಜ್ ದಿನ ಬಿಲ್ಲಿಂಗ್ ಕೌಂಟರಿನ ಮುಂದೆ ಏಕೆ ಸಾಲ ಮಾಡಬೇಕಾಗುತ್ತದೆ ಎಂಬುದರ ಬಗ್ಗೆ ಹೇಳಲು ಏನೂ ಇಲ್ಲದಿರುವುದು ನನಗೆ ಸಿಟ್ಟು ತರಿಸಿದೆ.

ವಿಮೆಯಲ್ಲಿ ವಿದೇಶಿ ಹೂಡಿಕೆ ಹೊಸ ಮಾತಲ್ಲ. 1999ರ ಕಾಯ್ದೆಯ ಮೂಲಕ ಖಾಸಗಿಯವರಿಗೆ ಬಾಗಿಲು ತೆರೆದಾಗ ಮಿತಿ ಶೇಕಡಾ 26 ಇತ್ತು. 2015ರಲ್ಲಿ ಅದು 49 ಆಯಿತು, 2021ರಲ್ಲಿ 74 ಆಯಿತು, ಈಗ ಪೂರ್ತಿ 100. ಪ್ರತಿ ಸಲವೂ ಕೊಟ್ಟ ಕಾರಣ ಒಂದೇ: ಬಂಡವಾಳ ಬರುತ್ತದೆ, ಪೈಪೋಟಿ ಹೆಚ್ಚುತ್ತದೆ, ಪ್ರೀಮಿಯಂ ಇಳಿಯುತ್ತದೆ, ವಿಮೆ ಹಳ್ಳಿಯವರೆಗೂ ತಲುಪುತ್ತದೆ. ಕಾಲು ಶತಮಾನದಲ್ಲಿ ಮೂರು ಬಾರಿ ಏರಿಸಿಯೂ ಪ್ರೀಮಿಯಂ ಇಳಿದದ್ದನ್ನು ನಮ್ಮ ಮನೆಯಲ್ಲಂತೂ ಯಾರೂ ಕಂಡಿಲ್ಲ. ಜೀವವಿಮಾ ಕಂಪನಿಗಳೂ ಆಸ್ಪತ್ರೆ ಖರ್ಚು ಭರಿಸುವ ಪಾಲಿಸಿಗಳನ್ನು ಮಾರಲು ದಾರಿ ಮಾಡುತ್ತಿದ್ದ ಸಂಯುಕ್ತ ಪರವಾನಗಿಯ ಪ್ರಸ್ತಾವವು ಮೊದಲಿನ ಕರಡಿನಲ್ಲಿತ್ತು. ಪೈಪೋಟಿಗೆ ನಿಜವಾಗಿ ನೆರವಾಗಬಹುದಾಗಿದ್ದ ಆ ಅಂಶವೇ ಅಂತಿಮ ರೂಪದಲ್ಲಿ ಕಾಣೆಯಾಯಿತು.

ನಮ್ಮ ತಾಯಿಗೆ 72 ವರ್ಷ. ಅವರ ಹೆಸರಿನಲ್ಲಿ 5 ಲಕ್ಷ ರೂಪಾಯಿಯ ಪಾಲಿಸಿ ಇದೆ, ಒಂದು ವರ್ಷವೂ ತಪ್ಪದೆ ಕಂತು ಕಟ್ಟಿದ್ದೇವೆ. ಕಳೆದ ವರ್ಷ ಪಿತ್ತಕೋಶದ ಕಲ್ಲಿಗಾಗಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಆ ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ಮಿತಿ ಇದೆ, ವಿಮಾ ಮೊತ್ತದ ಶೇಕಡಾ 1, ಅಂದರೆ ದಿನಕ್ಕೆ 5,000 ರೂಪಾಯಿ. ಆ ದಿನ ಆಸ್ಪತ್ರೆಯಲ್ಲಿ ಅಷ್ಟರೊಳಗಿನ ರೂಮು ಖಾಲಿ ಇರಲಿಲ್ಲ, ಇದ್ದದ್ದು 8,000 ರೂಪಾಯಿಯದು. ನಾಲ್ಕು ದಿನಕ್ಕೆ ವ್ಯತ್ಯಾಸ 12,000 ರೂಪಾಯಿ ಆಗುತ್ತದೆ, ಅದನ್ನು ನಾವೇ ಕಟ್ಟಿಕೊಳ್ಳುತ್ತೇವೆಂದು ತೀರ್ಮಾನಿಸಿ ಒಪ್ಪಿಕೊಂಡೆವು. ಯಾವ ಗೃಹಸ್ಥನಾದರೂ ಹಾಗೆಯೇ ಲೆಕ್ಕ ಹಾಕುತ್ತಿದ್ದ.

ಕಂಪನಿಯ ಲೆಕ್ಕ ಹಾಗಿರಲಿಲ್ಲ. ಅರ್ಹತೆಗಿಂತ ದುಬಾರಿಯಾದ ರೂಮಿನಲ್ಲಿದ್ದರೆ ರೂಮಿನ ಬಾಡಿಗೆಯಷ್ಟೇ ಅಲ್ಲ, ಅದರೊಂದಿಗೆ ಬರುವ ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆಯ ಶುಲ್ಕ, ಆಪರೇಷನ್ ಥಿಯೇಟರಿನ ಬಾಡಿಗೆ, ನರ್ಸಿಂಗ್, ವೈದ್ಯರು ಬಂದುಹೋದ ಲೆಕ್ಕ, ಎಲ್ಲವನ್ನೂ ಅದೇ ಅನುಪಾತದಲ್ಲಿ ಕಡಿತ ಮಾಡುತ್ತಾರೆ. ನಮ್ಮ ವಿಷಯದಲ್ಲಿ 8ರಲ್ಲಿ 5 ಭಾಗ ಕೊಟ್ಟು 3 ಭಾಗ ಹಿಡಿದರು. ಹಾಗೆ 1,44,000 ರೂಪಾಯಿಯ ಬಾಬ್ತಿನಲ್ಲಿ 54,000 ಹೋಯಿತು, ರೂಮಿನ 12,000 ಬೇರೆ. ಕೈಗವಸು, ಮಾಸ್ಕು, ಥರ್ಮಾಮೀಟರು, ಡಯಾಪರು ಇತ್ಯಾದಿಗಳಿಗೆ ಕಂಪನಿ ದುಡ್ಡು ಕೊಡಬೇಕಾಗಿಲ್ಲವೆಂದು ಪಟ್ಟಿಯೊಂದನ್ನು ತೋರಿಸಿ ಇನ್ನೊಂದು 9,000 ಕಳೆದರು. ಆ ಪಟ್ಟಿಯಲ್ಲಿ 68 ಬಾಬುಗಳಿವೆ, ಅದು ವಿಮಾ ನಿಯಂತ್ರಣ ಪ್ರಾಧಿಕಾರವೇ ಒಪ್ಪಿದ ಪಟ್ಟಿ. ಕೈಗವಸು ಹಾಕಿಕೊಳ್ಳದೆ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸಕರನ್ನು ಈ ಪಟ್ಟಿ ಬರೆದವರು ಎಲ್ಲಿ ಕಂಡರೋ ತಿಳಿಯದು. ಒಟ್ಟು 75,000 ರೂಪಾಯಿ, ಕ್ಯಾಶ್‌ಲೆಸ್ ಎಂದು ಹೇಳಿ ಮಾರಿದ ಪಾಲಿಸಿಯ ಮೇಲೆ, ನಾವು ಕೈಯಿಂದ ಕಟ್ಟಿದೆವು.

ಇದೇ ಪ್ರಾಧಿಕಾರ 2020ರಲ್ಲಿ ಒಂದು ಒಳ್ಳೆಯ ನಿಯಮವನ್ನೂ ಮಾಡಿತ್ತು. ಔಷಧ, ಅಳವಡಿಸುವ ಸಾಧನಗಳು ಮತ್ತು ತಪಾಸಣೆಗಳ ಖರ್ಚಿನಲ್ಲಿ ಇಂಥ ಅನುಪಾತದ ಕಡಿತ ಮಾಡಬಾರದು. ತೀವ್ರ ನಿಗಾ ಘಟಕದ ಖರ್ಚಿಗೂ ಅನ್ವಯಿಸಬಾರದು. ರೂಮಿನ ದರ್ಜೆಗೆ ತಕ್ಕಂತೆ ಚಿಕಿತ್ಸೆಯ ದರ ಬದಲಾಗದ ಆಸ್ಪತ್ರೆಯಲ್ಲಿ ಕಡಿತವನ್ನೇ ಮಾಡುವಂತಿಲ್ಲ. ಇದನ್ನು ಓದಿಕೊಂಡು ಆಸ್ಪತ್ರೆಯ ವಿಮಾ ವಿಭಾಗಕ್ಕೆ ಹೋಗಿ, ನಿಮ್ಮಲ್ಲಿ ದರ ರೂಮಿಗೆ ತಕ್ಕಂತೆ ಬದಲಾಗುತ್ತದೆಯೇ ಎಂದು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದೆ. ಅಂಥ ಪತ್ರ ಕೊಡುವ ಪದ್ಧತಿ ತಮ್ಮಲ್ಲಿಲ್ಲ, ಕಂಪನಿಯನ್ನೇ ಕೇಳಿ ಎಂದರು. ಕಂಪನಿಯವರು ತಮ್ಮ ಪರವಾಗಿ ಕ್ಲೇಮುಗಳನ್ನು ನೋಡಿಕೊಳ್ಳುವ ಮೂರನೆಯ ಪಕ್ಷದ ನಿರ್ವಾಹಕರ (ಟಿಪಿಎ) ಕಡೆ ಕೈ ತೋರಿಸಿದರು, ಆ ನಿರ್ವಾಹಕರು ಆಸ್ಪತ್ರೆಯವರನ್ನು ಕೇಳಿ ಎಂದರು. ನಿಯಮ ರೋಗಿಯ ಪರವಾಗಿಯೇ ಇದೆ, ಅದನ್ನು ಜಾರಿ ಮಾಡಲು ಬೇಕಾದ ಒಂದು ಕಾಗದ ಮಾತ್ರ ರೋಗಿಗೆ ಸಿಗುವುದಿಲ್ಲ.

ಡಿಸ್‌ಚಾರ್ಜಿನ ವಿಷಯವೂ ಅಷ್ಟೇ. ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ದಾಖಲಾಗುವಾಗ ಒಂದು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು, ಡಿಸ್‌ಚಾರ್ಜಿನ ಕೋರಿಕೆ ಬಂದ ಮೇಲೆ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು, ತಡವಾದರೆ ಅದರಿಂದಾಗುವ ಹೆಚ್ಚಿನ ಖರ್ಚನ್ನು ಕಂಪನಿ ತನ್ನ ಷೇರುದಾರರ ನಿಧಿಯಿಂದ ಭರಿಸಬೇಕು. ವೈದ್ಯರು ಬೆಳಿಗ್ಗೆಯೇ ಮನೆಗೆ ಹೋಗಿ ಎಂದಿದ್ದ ನಮ್ಮ ತಾಯಿ ಕತ್ತಲಾದ ಮೇಲೂ ಹಾಸಿಗೆಯಲ್ಲೇ ಇದ್ದರು. ಆ ಹೊತ್ತಿನ ರೂಮಿನ ಬಾಡಿಗೆ ನಮ್ಮ ಬಿಲ್ಲಿಗೇ ಸೇರಿತು. ಸುತ್ತೋಲೆಯನ್ನು ಫೋನಿನಲ್ಲಿ ತೆರೆದು ತೋರಿಸಿದರೆ ಕೌಂಟರಿನಲ್ಲಿದ್ದ ಹುಡುಗ, ಪಾಪ, ಅದನ್ನು ಮೊದಲ ಬಾರಿಗೆ ನೋಡುತ್ತಿರುವಂತೆ ಓದಿದ.

ನಮ್ಮೊಬ್ಬರ ಹಣೆಬರಹ ಎಂದುಕೊಂಡು ಸುಮ್ಮನಾಗೋಣವೆಂದರೆ ಪ್ರಾಧಿಕಾರದ ವಾರ್ಷಿಕ ವರದಿಯೇ ಬಿಡುವುದಿಲ್ಲ. 2023-24ರಲ್ಲಿ ಆರೋಗ್ಯ ವಿಮಾ ಕಂಪನಿಗಳ ಮುಂದಿದ್ದ ಕ್ಲೇಮುಗಳ ಮೊತ್ತ ಸುಮಾರು 1.17 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಾವತಿಯಾದದ್ದು 83,493 ಕೋಟಿ. ಷರತ್ತುಗಳ ಹೆಸರಿನಲ್ಲಿ ಒಪ್ಪದೆ ಬಿಟ್ಟದ್ದು ಸುಮಾರು 15,100 ಕೋಟಿ, ಪೂರ್ತಿ ತಿರಸ್ಕರಿಸಿದ್ದು ಇನ್ನೂ 10,937 ಕೋಟಿ. ನಮ್ಮ 75,000 ರೂಪಾಯಿಯಂಥ ಸಣ್ಣಪುಟ್ಟ ಕಡಿತಗಳೆಲ್ಲ ಸೇರಿಯೇ ಇಂಥ ದೊಡ್ಡ ಅಂಕಿಗಳಾಗುತ್ತವೆ. ಅದೇ ವರ್ಷ ಸರ್ಕಾರಿ ವಲಯದ ಕಂಪನಿಗಳು ಆರೋಗ್ಯ ವಿಮೆಯಲ್ಲಿ ಗಳಿಸಿದ 100 ರೂಪಾಯಿ ಪ್ರೀಮಿಯಂಗೆ 100ಕ್ಕಿಂತ ಹೆಚ್ಚನ್ನೇ ಕ್ಲೇಮಿಗೆ ಕೊಟ್ಟರೆ, ಆರೋಗ್ಯ ವಿಮೆಯನ್ನೇ ಕಸುಬಾಗಿಸಿಕೊಂಡ ಖಾಸಗಿ ಕಂಪನಿಗಳು ಕೊಟ್ಟದ್ದು ಸುಮಾರು 65 ರೂಪಾಯಿ. ಹೀಗಿರುವಾಗ ಕಾನೂನು ತಿದ್ದುವವರಿಗೆ ಮೊದಲು ಕಾಣಬೇಕಾದದ್ದು ಒಡೆತನದ ಮಿತಿಯೋ, ಈ ಅಂತರವೋ? ಅಂಗಡಿಯ ಬಾಗಿಲನ್ನು ಅಗಲ ಮಾಡಿ ಒಳಗಿನ ತಕ್ಕಡಿಯನ್ನು ಇದ್ದ ಹಾಗೆಯೇ ಬಿಟ್ಟಿದ್ದಾರೆ.

ಹೊಸ ಕಾನೂನಿನಲ್ಲಿ ಒಳ್ಳೆಯದೇ ಇಲ್ಲವೆಂದು ಹೇಳುವುದು ನ್ಯಾಯವಾಗುವುದಿಲ್ಲ. ನಿಯಮ ಮೀರಿ ಗಳಿಸಿದ ಲಾಭವನ್ನು ಕಂಪನಿಗಳಿಂದ ವಸೂಲು ಮಾಡುವ ಅಧಿಕಾರ ಪ್ರಾಧಿಕಾರಕ್ಕೆ ಸಿಕ್ಕಿದೆ, ಪಾಲಿಸಿದಾರರ ಶಿಕ್ಷಣ ಮತ್ತು ರಕ್ಷಣೆಗೆಂದು ನಿಧಿಯೊಂದನ್ನು ಮಾಡಿದ್ದಾರೆ. ಆದರೆ ನನಗೆ ಬೇಕಾಗಿದ್ದದ್ದು ಶಿಕ್ಷಣವಲ್ಲ. ಎಂಟು ಪುಟಗಳ ಷರತ್ತುಗಳನ್ನು ಓದಿಯೇ ನಾನು ಕೌಂಟರಿಗೆ ಹೋಗಿದ್ದೆ. ಮೂರು ಗಂಟೆಯ ನಿಯಮ ಮುರಿದ ಕ್ಷಣವೇ ಕಂಪನಿಗೆ ಬೀಳುವ ದಂಡದಷ್ಟು ಹಣ ರೋಗಿಯ ಬಿಲ್ಲಿನಿಂದ ತಾನಾಗಿಯೇ ಕಡಿತವಾಗಬೇಕು, ಕಡಿತದ ಪ್ರತಿ ಸಾಲಿಗೂ ಯಾವ ನಿಯಮದಡಿ ಎಂಬುದನ್ನು ಡಿಸ್‌ಚಾರ್ಜಿಗೆ ಮೊದಲು, ಕನ್ನಡದಲ್ಲಿ, ಬರೆದು ಕೊಡಬೇಕು. ಇಷ್ಟನ್ನು ಕಾನೂನಿನಲ್ಲೇ ಬರೆಯಲು ವಿದೇಶಿ ಬಂಡವಾಳ ಬೇಕಾಗಿರಲಿಲ್ಲ.

ಇನ್ನು ಆಸ್ಪತ್ರೆಗಳ ದರ. ವಿಮೆಯು ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ, ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ. ಹೀಗಾಗಿ ಬಿಲ್ಲು ಬರೆಯುವವನ ಮೇಲೆ ಒಂದು ಸರ್ಕಾರ, ಬಿಲ್ಲು ತೀರಿಸುವವನ ಮೇಲೆ ಇನ್ನೊಂದು ಸರ್ಕಾರ, ಎರಡರ ನಡುವೆ ರೋಗಿ. ಕೇಂದ್ರವು 2010ರಲ್ಲಿ ಮಾಡಿದ ಚಿಕಿತ್ಸಾಲಯಗಳ ಕಾಯ್ದೆಯ 2012ರ ನಿಯಮಗಳಲ್ಲಿ ದರದ ವ್ಯಾಪ್ತಿಯನ್ನು ರಾಜ್ಯಗಳ ಜೊತೆ ಸಮಾಲೋಚಿಸಿ ಗೊತ್ತುಪಡಿಸಬೇಕೆಂದಿದ್ದರೂ ಅದು ಆಗಲಿಲ್ಲ, ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಈ ಬಗ್ಗೆ ಕೇಂದ್ರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ನಮ್ಮ ರಾಜ್ಯದ ಕಥೆಯನ್ನಂತೂ ಕೇಳುವುದೇ ಬೇಡ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ ಆಗಿನ ಆರೋಗ್ಯ ಸಚಿವ ಕೆ. ಆರ್. ರಮೇಶ್ ಕುಮಾರ್ ಅವರು 2017ರಲ್ಲಿ ತಂದ ತಿದ್ದುಪಡಿಯಲ್ಲಿ ಚಿಕಿತ್ಸೆಗಳ ದರವನ್ನು ಸರ್ಕಾರ ನಿಗದಿ ಮಾಡುವ ಪ್ರಸ್ತಾವವಿತ್ತು. ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಸೇವೆ ನಿಲ್ಲಿಸಿ ಬೀದಿಗಿಳಿದರು, ರೋಗಿಗಳು ಪರದಾಡಿದರು, ಕಡೆಗೆ ಅಂಗೀಕಾರವಾದ ರೂಪದಲ್ಲಿ ದರ ನಿಗದಿಯು ಸರ್ಕಾರಿ ಯೋಜನೆಗಳಡಿ ಬರುವ ರೋಗಿಗಳಿಗಷ್ಟೇ ಉಳಿಯಿತು. ಅಂದಿನಿಂದ ನಮ್ಮಂಥವರ ಬಿಲ್ಲಿಗೆ ಮೇಲ್ಮಿತಿ ಎಂಬುದೇ ಇಲ್ಲ. ಆಸ್ಪತ್ರೆ ದರ ಏರಿಸಿದರೆ ಕಂಪನಿ ಪ್ರೀಮಿಯಂ ಏರಿಸುತ್ತದೆ, ಅವರಿಬ್ಬರ ಜಗಳಕ್ಕೆ ಎರಡೂ ಕಡೆಯಿಂದ ಹಣ ಕಟ್ಟುವವರು ನಾವು.

ಸರ್ಕಾರಿ ಯೋಜನೆಗೆ ಹೋಗಬಹುದಲ್ಲ ಎಂದು ಬುದ್ಧಿ ಹೇಳುವವರಿದ್ದಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದು ಸಾವಿರಾರು ಮನೆಗಳನ್ನು ಉಳಿಸಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಎಪಿಎಲ್ ಕಾರ್ಡಿನವರಿಗೆ ಮಾತ್ರ ಪ್ಯಾಕೇಜ್ ದರದ ಶೇಕಡಾ 30ರಷ್ಟು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ತರಬೇಕು. ನೌಕರರ ವಿಮಾ ಯೋಜನೆಯಾದ ಇಎಸ್‌ಐಯ ತಿಂಗಳ ವೇತನ ಮಿತಿ 2017ರಿಂದ 21,000 ರೂಪಾಯಿಯಲ್ಲೇ ನಿಂತಿತು. ಅದಕ್ಕಿಂತ ಸ್ವಲ್ಪ ಹೆಚ್ಚು ದುಡಿದವನು ಹೊರಗೆ. ನೀತಿ ಆಯೋಗವೇ 2021ರಲ್ಲಿ ಹೊರತಂದ ವರದಿಯ ಪ್ರಕಾರ ದೇಶದ ಜನಸಂಖ್ಯೆಯ ಕನಿಷ್ಠ ಶೇಕಡಾ 30ರಷ್ಟು, ಅಂದರೆ ಸುಮಾರು 40 ಕೋಟಿ ಜನ, ಬಡವರ ಯೋಜನೆಗೂ ಸೇರದೆ ನೌಕರರ ಯೋಜನೆಗೂ ಸೇರದೆ ನಡುವೆ ಉಳಿದವರು. ಕಿರಾಣಿ ಅಂಗಡಿಯವರು, ಸ್ವಂತ ಆಟೋ ಇರುವವರು, ಖಾಸಗಿ ಶಾಲೆಯ ಮೇಷ್ಟ್ರುಗಳು, ಐದಾರು ಎಕರೆಯ ರೈತರು ಇವರೇ. ಎಲ್ಲರಿಗೂ ವಿಮೆ ಎಂಬ ಘೋಷಣೆಗೆ ಅರ್ಥ ಬರಬೇಕಾದರೆ ಮೊದಲು ಇವರನ್ನು ಒಳಗೆ ತರುವ ಕಾನೂನು ಬರಬೇಕಿತ್ತು. ಇವರು ದುಡ್ಡು ಕಟ್ಟುವುದಿಲ್ಲ ಎನ್ನುತ್ತಿಲ್ಲ, ಕಟ್ಟಬಹುದಾದಷ್ಟು ಕಂತಿನಲ್ಲಿ ಆಯುಷ್ಮಾನ್‌ನಂಥ ಯೋಜನೆಗೆ ಸೇರಲು ಅವಕಾಶ ಕೊಡಿ ಎನ್ನುತ್ತಾರೆ. ಆ ವರದಿಯಲ್ಲೂ ಇಂಥ ದಾರಿಗಳ ಚರ್ಚೆ ಇತ್ತು.

ಪ್ರೀಮಿಯಂ ಮೇಲಿನ ಶೇಕಡಾ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದನ್ನು ದೊಡ್ಡ ಉಡುಗೊರೆಯೆಂದು ಹೇಳಿದರು. ತಪ್ಪಲ್ಲ, ಕಾಯಿಲೆಗೆ ಹೆದರಿ ಕಟ್ಟುವ ಹಣದ ಮೇಲೆ ಅಷ್ಟು ವರ್ಷ ತೆರಿಗೆ ಹಾಕಿದ್ದೇ ತಪ್ಪು. ಆದರೆ ತೆರಿಗೆ ಹೋದ ಜೊತೆಗೆ, ಕಂಪನಿಗಳು ತಾವು ಕೊಂಡ ಸೇವೆಗಳ ಮೇಲೆ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳುವ ಹೂಡುವಳಿ ತೆರಿಗೆ ಜಮೆಯ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಸೌಲಭ್ಯವೂ ಹೋಯಿತು. ನನ್ನ ಸ್ವಂತ ಪಾಲಿಸಿಯ ನವೀಕರಣದ ನೋಟಿಸು ಬಂದಾಗ ಮೂಲ ಪ್ರೀಮಿಯಮ್ಮೇ ಏರಿ, ಉಳಿಯಬೇಕಾಗಿದ್ದ ಹಣದ ಬಹುಪಾಲನ್ನು ನುಂಗಿಕೊಂಡಿತ್ತು. 60 ದಾಟಿದವರ ಪ್ರೀಮಿಯಮ್ಮನ್ನು ಪ್ರಾಧಿಕಾರವನ್ನು ಕೇಳದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸಬಾರದೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. 60 ತುಂಬದ ನಮ್ಮಂಥವರಿಗೆ ಆ ರಕ್ಷಣೆಯೂ ಇಲ್ಲ.

ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟಿದ್ದೇನೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ, ವ್ಯವಸ್ಥೆ ಚೆನ್ನಾಗಿದೆ. ಆದರೆ ಇಡೀ ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ, ಮತ್ತು ಬೀದರಿನಲ್ಲೋ ಕಾರವಾರದಲ್ಲೋ ಕ್ಲೇಮು ಕಳೆದುಕೊಂಡ ಎಷ್ಟು ಮಂದಿಗೆ ಇಂಥದ್ದೊಂದು ಇದೆಯೆಂದು ಗೊತ್ತಿದೆ? ಯಾವ ಏಜೆಂಟನೂ ಅದನ್ನು ಹೇಳುವುದಿಲ್ಲ.

ಪೈಪೋಟಿ ಹೆಚ್ಚಿದರೆ ಗ್ರಾಹಕನೇ ರಾಜ ಎನ್ನುವವರಿಗೆ ಒಂದು ಮಾತು. ಇಷ್ಟೆಲ್ಲ ಆದ ಮೇಲೆ ಕಂಪನಿ ಬದಲಿಸೋಣವೆಂದು ನಾನೂ ಹೊರಟೆ. ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸುವ ಹಕ್ಕು ಇದೆ, ಹಳೆಯ ಕಾಯಿಲೆಗಳಿಗೆ ವಿಮೆ ಸಿಗಲೆಂದು ಕಾದ ವರ್ಷಗಳ ಲೆಕ್ಕವೂ ಜೊತೆಗೇ ಬರುತ್ತದೆ. 2024ರ ಏಪ್ರಿಲ್‌ನಿಂದ ಪಾಲಿಸಿ ಕೊಳ್ಳಲು ವಯಸ್ಸಿನ ಗರಿಷ್ಠ ಮಿತಿಯನ್ನೂ ತೆಗೆದಿದ್ದಾರೆ. ಆದರೆ ಹೊಸ ಕಂಪನಿ ಒಪ್ಪಲೇಬೇಕೆಂಬ ಕಟ್ಟಳೆ ಇಲ್ಲ. ವಿಚಾರಿಸಿದ ಕಡೆಯಲ್ಲೆಲ್ಲ ಮೊದಲು ಉತ್ಸಾಹದಿಂದ ಮಾತನಾಡಿದವರು, ತಾಯಿಯ ವಯಸ್ಸು 72, ಸಕ್ಕರೆ ಕಾಯಿಲೆ ಇದೆ, ಕಳೆದ ವರ್ಷ ಶಸ್ತ್ರಚಿಕಿತ್ಸೆ ಆಗಿದೆ ಎಂದು ಕೇಳಿದ ಕೂಡಲೇ ತಣ್ಣಗಾದರು. ಒಂದು ಕಂಪನಿ ಬರವಣಿಗೆಯಲ್ಲೇ ಆಗುವುದಿಲ್ಲ ಎಂದಿತು. ಇರುವ ಪಾಲಿಸಿಯನ್ನು ಬಿಟ್ಟರೆ ಹಳೆಯ ಕಾಯಿಲೆಗಳಿಗೆ ಮತ್ತೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಆದ್ದರಿಂದ 75,000 ಹಿಡಿದುಕೊಂಡ ಅದೇ ಕಂಪನಿಗೆ, ರೂಮಿನ ಬಾಡಿಗೆಯ ಅದೇ ಮಿತಿಯಿರುವ ಅದೇ ಪಾಲಿಸಿಗೆ, ಮುಂದಿನ ತಿಂಗಳು ಮತ್ತೆ ಕಂತು ಕಟ್ಟುತ್ತೇನೆ. ಆ ಕಂಪನಿಯ ಷೇರುಗಳು ಮುಂಬೈಯವರ ಕೈಯಲ್ಲಿದ್ದರೂ ಒಂದೇ, ನಾಳೆ ನೂರಕ್ಕೆ ನೂರು ಲಂಡನ್ನಿನವರ ಕೈಗೆ ಹೋದರೂ ನನ್ನ ತಾಯಿಯ ಪಾಲಿಗೆ ಒಂದೇ.